ಒಳಗೆ ಬಂದ ದೆವ್ವ

ನಮ್ಮಮ್ಮನನ್ನು ಮುನಿಶಾಮಪ್ಪನವರ ಹಳೆಯ ಮನೆಯೊಳಗೆ ಕರೆದದ್ದು ದೆವ್ವದ ಪಾತ್ರಕ್ಕೆ. ಮನುಷ್ಯಳಾಗಿ ಒಮ್ಮೆಯೂ ಕರೆದಿರಲಿಲ್ಲ.

ಅಮ್ಮನ ಹೆಸರು ಪಿಳ್ಳಮ್ಮ. ನಾವು ಮಾದಿಗರು. ಬಾಗಲೂರಿನಿಂದ ಒಳಗೆ ಹೋಗುವ ರಸ್ತೆಯಲ್ಲಿ ನಮ್ಮೂರು, ಊರಿನ ಕೊನೆಗೆ ನಮ್ಮ ಕಾಲೋನಿ. ನನ್ನ ಅಜ್ಜಿ ಊರಗೌಡರಾದ ಮುನಿಶಾಮಪ್ಪನವರ ಕೊಟ್ಟಿಗೆಯಲ್ಲಿ ಸಗಣಿ ಬಾಚಿದಳು, ಅವಳಾದ ಮೇಲೆ ಅಮ್ಮ ಬಾಚಿದಳು. ಆಮೇಲೆ ಅವರ ಹೊಲಗಳೆಲ್ಲ ಲೇಔಟ್ ಆದವು, ದನಗಳನ್ನು ಮಾರಿದರು, ಕೊಟ್ಟಿಗೆಯಲ್ಲಿ ಮಗ ಅಶ್ವತ್ಥನ ಕಾರು ನಿಂತಿತು. ಅಮ್ಮನಿಗೆ ಅಂಗಳ ಗುಡಿಸುವ ಕೆಲಸ ಉಳಿಯಿತು. ಅಂಗಳದಿಂದ ಮುಂದಕ್ಕೆ ಆ ಮನೆ ಹೇಗಿದೆ ಎಂದು ನಮ್ಮ ಪೈಕಿ ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿಯ ಕಾಲದಲ್ಲಿ ಬೊಗಸೆಗೆ ಮೇಲಿನಿಂದ ನೀರು ಹುಯ್ಯುತ್ತಿದ್ದರಂತೆ. ಈಗ ಕಾಲ ಬದಲಾಗಿದೆ ಅನ್ನುತ್ತಾರೆ. ನಿಜ, ಬದಲಾಗಿದೆ, ಪೇಪರ್ ಲೋಟ ಬಂದಿದೆ. ಕುಡಿದು ಬಿಸಾಡಿದರೆ ಯಾರೂ ತೊಳೆಯಬೇಕಾಗಿಲ್ಲ, ಯಾರೂ ಕೆಟ್ಟವರಾಗಬೇಕಾಗಿಲ್ಲ. ಅಮೃತಹಳ್ಳಿಯ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ನಾನು ಬಿಲ್ಲಿಂಗ್ ಕೌಂಟರಿನಲ್ಲಿ ನಿಲ್ಲುತ್ತೇನೆ. ಆ ಲೋಟದ ಕಟ್ಟುಗಳನ್ನು ಸ್ಕ್ಯಾನ್ ಮಾಡುವಾಗೆಲ್ಲ ನನಗೆ ಲಕ್ಷ್ಮಿದೇವಮ್ಮನ ಮುಖ ಕಾಣುತ್ತದೆ. ಲಕ್ಷ್ಮಿದೇವಮ್ಮ ಅಂದರೆ ಮುನಿಶಾಮಪ್ಪನವರ ಹೆಂಡತಿ. ಬೈದು ಮಾತಾಡುವ ಹೆಂಗಸಲ್ಲ. ಹಬ್ಬಕ್ಕೆ ಅಮ್ಮನಿಗೆ ಸೀರೆ ಕೊಡುತ್ತಾಳೆ, ಕಟ್ಟೆಯ ಮೇಲೆ ಇಟ್ಟು ಹೋಗುತ್ತಾಳೆ.

ಗೌಡರ ಮನೆಯವರು ಪಕ್ಕದಲ್ಲೇ ಹೊಸ ಮನೆ ಕಟ್ಟಿಕೊಂಡು ಅಲ್ಲಿಗೆ ಹೋದರು. ಹಳೆಯದರಲ್ಲಿ ದೇವರ ಕೋಣೆ ಮತ್ತು ಹಬ್ಬದ ಅಡುಗೆಮನೆ ಉಳಿಸಿಕೊಂಡು, ಮಿಕ್ಕಿದ್ದನ್ನು ಅಶ್ವತ್ಥ್ ಶೂಟಿಂಗಿಗೆ ಬಾಡಿಗೆಗೆ ಬಿಡುತ್ತಾನೆ. ಈ ವರ್ಷ ಬಂದದ್ದು ದೆವ್ವದ ಸಿನಿಮಾ. ಕಥೆ ಇಷ್ಟೇ: ಪೇಟೆಯ ಒಂದು ಸಂಸಾರ ಹಳೆಯ ಮನೆಗೆ ಬಂದು ಇಳಿಯುತ್ತದೆ. ಮಗಳ ಮೈಮೇಲೆ ದೆವ್ವ ಬರುತ್ತದೆ. ಅಪ್ಪ ಅಮ್ಮ ಗೋಳಾಡುತ್ತಾರೆ. ಮಂತ್ರವಾದಿ ಬಂದು ಹೊಡೆದು ಬಡಿದು, ಬಾಯಿಗೆ ಚಪ್ಪಲಿ ಕಚ್ಚಿಸಿ, ದೆವ್ವವನ್ನು ಮನೆಯಿಂದ ಹೊರಗೆ ಎಳೆದು ಹಾಕುತ್ತಾನೆ. ದೆವ್ವ ಯಾರದು ಅಂದರೆ, ಹಿಂದೆ ಆ ಮನೆಯಲ್ಲಿ ಜೀತಕ್ಕಿದ್ದು ಸತ್ತ ಒಬ್ಬ ಹೆಂಗಸಿನದು. ಅವಳಿಗೆ ಸಿನಿಮಾದಲ್ಲಿ ಹೆಸರಿಲ್ಲ.

ಮಗಳ ಪಾತ್ರ ಮಾಡುತ್ತಿದ್ದವಳು ಸ್ನೇಹಾ ಎಂಬ ಹುಡುಗಿ. ಒಂದು ವಾರ ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಅವಳ ಕುತ್ತಿಗೆ ಉಳುಕಿತು. ನೆಲದ ಮೇಲೆ ತೆವಳುವುದು, ಕೂದಲು ಹಿಡಿದು ಎಳೆಸಿಕೊಳ್ಳುವುದು ಎಲ್ಲ ಬಾಕಿ ಇತ್ತು. ಮುಖ ಕಾಣದ ಹಾಗೆ ಅದನ್ನು ಬೇರೆ ಯಾರಾದರೂ ಮಾಡಬೇಕಿತ್ತು. ನಿರ್ದೇಶಕ ಹೇಮಂತ ಗೇಟಿನ ಹತ್ತಿರ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾಗ ಅಮ್ಮ ಹುಲ್ಲಿನ ಹೊರೆ ಹೊತ್ತು ಹಾದುಹೋದಳು. ತೆಳ್ಳಗಿನ ಮೈ, ಮೊಣಕಾಲಿನ ತನಕ ಕೂದಲು. ಅವನು ಹಿಂದೆಯೇ ನಮ್ಮ ಮನೆಗೆ ಬಂದ.

ಹೇಮಂತ ಗದಗದ ಕಡೆಯವನು, ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದಾನೆ. ನಮ್ಮ ಮನೆಯೊಳಗೆ ಬಂದು ಚಾಪೆಯ ಮೇಲೆ ಕೂತ. ಚಹಾ ಕುಡಿದ. ಅದಕ್ಕೇ ಅವನ ಮೇಲೆ ನನಗೆ ಒಳ್ಳೆಯ ಅಭಿಪ್ರಾಯ ಬಂತು. ನಮ್ಮವರಿಗೆ ಒಬ್ಬರ ಬಗ್ಗೆ ಒಳ್ಳೆಯ ಅಭಿಪ್ರಾಯ ಬರಲು ಅಷ್ಟು ಸಾಕು.

“ಅವ್ವಾರ, ನಿಮ್ಮ ಮುಖ ಎಲ್ಲೂ ಕಾಣಂಗಿಲ್ಲ. ಬರೇ ಮೈ ಸಾಕು. ಎರಡು ದಿನದ ಕೆಲಸ,” ಅಂದ.

“ಎಲ್ಲಿ ಮಾಡೋದು ಸಾಮಿ, ಅಂಗಳದಾಗಾ?”

“ಒಳಗ್ರಿ. ಹಾಲ್, ದೇವರ ಮನೀ ಬಾಗಿಲಿನ ತನಕ.”

ಅಮ್ಮ ನನ್ನ ಮುಖ ನೋಡಿದಳು. ಬೇಡ ಅಂದೆ. ದೆವ್ವದ ವೇಷ ಹಾಕಿಸಿಕೊಂಡು ಆ ಮನೆಯಲ್ಲಿ ಉರುಳಾಡುವುದು ನನಗೆ ಇಷ್ಟವಿರಲಿಲ್ಲ. ನಾಳೆ ಸಿನಿಮಾ ಬಂದಾಗ ಕೌಂಟರಿನ ಹುಡುಗಿಯರ ಮುಂದೆ ನಾನು ಏನು ಹೇಳಲಿ ಎಂಬುದೂ ತಲೆಯಲ್ಲಿತ್ತು.

“ಮುಖ ಕಾಣಕ್ಕಿಲ್ಲ ಅಂತವ್ರಲ್ಲ,” ಅಂದಳು ಅಮ್ಮ. ಹೇಮಂತ ಹೋದ ಮೇಲೆ ಮೆಲ್ಲಗೆ ಹೇಳಿದಳು: “ಆ ಮನೆ ಒಳಗೆ ಎಂಗೈತೋ ಒಂದ್ಸಲ ನೋಡ್ಬೇಕು ಕಣೇ ಕೀರ್ತಿ. ನಮ್ಮವ್ವ ನೋಡ್ದೆ ಸತ್ಲು.”

ಅವಳಿಗೆ ಬೇಕಾದದ್ದು ಅದೊಂದೇ. ನಾನು ಎರಡು ದಿನ ರಜೆ ಹಾಕಿದೆ.

ಮೊದಲ ದಿನ ಅಮ್ಮ ಒಳ್ಳೆಯ ಸೀರೆ ಉಟ್ಟುಕೊಂಡು ಹೋದಳು. ತಲೆಗೆ ಸ್ನಾನ ಮಾಡಿದ್ದಳು. ಗೇಟಿನ ಹೊರಗೇ ಚಪ್ಪಲಿ ಬಿಟ್ಟು, ಅಂಗಳದ ನಲ್ಲಿಯಲ್ಲಿ ಕಾಲು ತೊಳೆದಳು. ಆ ಸೀರೆ ಬಿಚ್ಚಿಸಿ, ಹರಿದ ಕಪ್ಪು ಸೀರೆ ಉಡಿಸಿದರು. ಅದೇ ದೆವ್ವದ ಸೀರೆ. ಸ್ನೇಹಾಳ ಬಿಳಿ ಕೈಕಾಲಿಗೆ ದಿನವೂ ಬೆಳಿಗ್ಗೆ ಕೂತು ಕಪ್ಪು ಬಣ್ಣ ಬಳಿಯುತ್ತಿದ್ದರಂತೆ. ಮೇಕಪ್ಪಿನವನು ಡಬ್ಬಿ ತೆರೆದು ಅಮ್ಮನ ತೋಳು ನೋಡಿದ, ಮತ್ತೆ ಮುಚ್ಚಿದ.

“ಇವ್ರಿಗೆ ಹಚ್ಚೋದೇ ಬೇಡ ಸರ್. ಟೈಮ್ ಉಳೀತು,” ಅಂದ.

ಯಾರೋ ನಕ್ಕರು. ಅಮ್ಮನೂ ನಕ್ಕಳು. ಅವಳು ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ನನ್ನ ತೋಳನ್ನು ನಾನೇ ದುಪಟ್ಟಾದೊಳಗೆ ಎಳೆದುಕೊಂಡೆ.

ನನ್ನನ್ನು ಒಳಗೆ ಬಿಡಲಿಲ್ಲ. “ಪಿಳ್ಳಿ ಓಗ್ಲಿ, ಅದು ಸಿನ್ಮಾಗೆ. ನೀನು ಇಲ್ಲೇ ಇರಮ್ಮಿ,” ಅಂದಳು ಲಕ್ಷ್ಮಿದೇವಮ್ಮ. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು, ಅದರಡಿ ಒಂದು ಟೀವಿ. ಒಳಗೆ ಕ್ಯಾಮೆರಾ ನೋಡುತ್ತಿದ್ದುದೆಲ್ಲ ಅದರಲ್ಲಿ ಕಾಣುತ್ತಿತ್ತು. ಲಕ್ಷ್ಮಿದೇವಮ್ಮ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ನಿಂತೆ. ನನ್ನ ಅಮ್ಮ ಆ ಮನೆಯೊಳಗೆ ಕಾಲಿಡುವುದನ್ನು ನಾನು ಟೀವಿಯಲ್ಲಿ ನೋಡಬೇಕಾಯಿತು.

ಕಿಟಕಿಗಳಿಗೆಲ್ಲ ಕರಿ ಬಟ್ಟೆ ಕಟ್ಟಿ ಹಗಲನ್ನೇ ಕತ್ತಲೆ ಮಾಡಿದ್ದರು. ದೆವ್ವ ಹೊರಗಿನ ಜಗಲಿಯಿಂದ ತೆವಳಿಕೊಂಡು ಹೊಸ್ತಿಲು ದಾಟಿ ಹಾಲಿಗೆ ಬರಬೇಕು. ಹೇಮಂತ ಆಕ್ಷನ್ ಅಂದ. ಅಮ್ಮ ಕೈಯೂರಿ ತೆವಳಿದಳು. ಕೂದಲು ನೆಲಕ್ಕೆ ಎಳೆಯುತ್ತಿತ್ತು. ಹೊಸ್ತಿಲ ಹತ್ತಿರ ಬಂದಳು, ನಿಂತಳು, ಬಲಗೈಯಿಂದ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ಕಟ್. ಅವ್ವಾರ, ಕೈ ಮುಗೀಬ್ಯಾಡ್ರಿ. ನೀವು ದೆವ್ವ. ದೆವ್ವ ನಮಸ್ಕಾರ ಮಾಡಂಗಿಲ್ಲ.”

“ತಪ್ಪಾಯ್ತು ಸಾಮಿ.”

ಮತ್ತೆ ಜಗಲಿಗೆ ಹೋದಳು, ಮತ್ತೆ ತೆವಳಿದಳು. ಮತ್ತೆ ಹೊಸ್ತಿಲಲ್ಲಿ ಕೈ ತಾನಾಗಿಯೇ ಎದ್ದಿತು. ಆ ಕೈಗೆ ಹೇಳಿ ಪ್ರಯೋಜನವಿರಲಿಲ್ಲ. ಊರಲ್ಲಿ ಯಾವ ದೊಡ್ಡ ಬಾಗಿಲು ಕಂಡರೂ ಬಗ್ಗಿ ಅಭ್ಯಾಸವಾದ ಮೈ ಅದು. ಕ್ಯಾಮೆರಾದವರು ಮೊದಲು ನಕ್ಕರು, ಆಮೇಲೆ ಬೇಜಾರು ಮಾಡಿಕೊಂಡರು, ಆಮೇಲೆ ಗೊಣಗಿದರು. ಪ್ರತಿ ಸಲವೂ ಅಮ್ಮ ತಪ್ಪಾಯ್ತು ಅಂದಳು. ಜಗಲಿಯ ಕಲ್ಲಿಗೆ ಅವಳ ಮೊಣಕಾಲು ತರಚಿ ರಕ್ತ ಜಿನುಗುವುದು ಟೀವಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು.

“ನಮ್ ಪಿಳ್ಳಿ ಯಾವತ್ತೂ ಅಂಗೇ. ಬಯ ಬಕ್ತಿ ಜಾಸ್ತಿ,” ಅಂದಳು ಲಕ್ಷ್ಮಿದೇವಮ್ಮ. ಹೊಗಳಿಕೆಯ ದನಿಯಲ್ಲೇ ಅಂದಳು.

ಕೊನೆಗೆ ಹೇಮಂತ, “ಕೈ ಹಿಂದಕ್ಕ ಕಟ್ಟಿಬಿಡ್ರಿ. ಹಗ್ಗದಾಗ ಇನ್ನೂ ಛಲೋ ಕಾಣತೈತಿ,” ಅಂದ. ತೆಂಗಿನ ನಾರಿನ ಹಗ್ಗದಿಂದ ಅಮ್ಮನ ಕೈಗಳನ್ನು ಬೆನ್ನ ಹಿಂದೆ ಕಟ್ಟಿದರು. ಅವಳು ಹೊಟ್ಟೆಯ ಮೇಲೆ ಉಜ್ಜಿಕೊಂಡು ಬಂದಳು. ಹೊಸ್ತಿಲ ಹತ್ತಿರ ಬಂದಾಗ ಎಲ್ಲರೂ ಉಸಿರು ಹಿಡಿದರು. ಕೈ ಇಲ್ಲದ್ದಕ್ಕೆ ಅಮ್ಮ ಹಣೆಯನ್ನೇ ಹೊಸ್ತಿಲಿಗೆ ಒತ್ತಿದಳು. ಎರಡು ಸಲ.

ಹೇಮಂತ ಕುಣಿದುಬಿಟ್ಟ. “ಓಕೆ, ಓಕೆ. ದೆವ್ವ ತಲಿ ಚಚ್ಚಿಕೊಂಡಂಗ ಐತಿ. ಇದನ್ನ ಇಟ್ಕೊಳ್ಳೋಣ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಅಮ್ಮನ ನಮಸ್ಕಾರ ದೆವ್ವದ ಸಂಕಟವಾಗಿ ಸಿನಿಮಾಕ್ಕೆ ಸೇರಿತು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ, ಅವಳ ಸೀರೆಯ ಚೀಲ ನನ್ನ ಕೈಯಲ್ಲಿತ್ತು.

ಸಂಜೆ ಮನೆಗೆ ಬಂದು ನಾನು ಅವಳ ಮಂಡಿಗೆ ಅರಿಶಿನ ಎಣ್ಣೆ ಹಚ್ಚಿದೆ. ಮಣಿಕಟ್ಟಿನಲ್ಲಿ ಹಗ್ಗದ ಗುರುತು ಕೆಂಪಗಿತ್ತು. ಅವಳಿಗೆ ಅದರ ಕಡೆ ಗಮನವೇ ಇಲ್ಲ. ಪಕ್ಕದ ಮನೆಯ ಫರೀದಾ ಬಾಗಿಲಲ್ಲಿ ನಿಂತಿದ್ದಳು. ಅಮ್ಮ ಅವಳಿಗೆ ಹೇಳಿದ್ದೇ ಹೇಳಿದ್ದು.

“ಕಂಬ ಐತಲ್ಲ, ಅಪ್ಪಿಕೊಂಡ್ರೆ ಎರಡು ಕೈ ಕೂಡಕ್ಕಿಲ್ಲ ಫರೀದಮ್ಮ. ತಣ್ಣಗೈತೆ. ನಾನು ಕೆನ್ನೆ ಇಟ್ಟು ನೋಡ್ದೆ. ತೂಗುಮಣೆ ಐತೆ. ದೇವ್ರ ಮನೆ ಬಾಗ್ಲಿಗೆ ಇತ್ತಾಳೆ ಗಂಟೆ ಐತೆ, ಒಂದೊಂದು ಇಷ್ಟು ದಪ್ಪ. ನಮ್ಮವ್ವ ಇದ್ದಿದ್ರೆ ಮೂಗಿನ ಮೇಲೆ ಬೆರಳಿಟ್ಕೊಳ್ಳೋಳು.”

“ಹೊಡೆದ್ರಂತಲ್ಲ?” ಅಂದಳು ಫರೀದಾ.

“ಆಕ್ಟಿಂಗು. ನಾಳೆ ಐತೆ ಹೊಡೆಯೋದು.”

ಅಷ್ಟು ಸಂತೋಷವಾಗಿದ್ದ ಅಮ್ಮನನ್ನು ನಾನು ಯಾವತ್ತೂ ನೋಡಿರಲಿಲ್ಲ.

ನಮ್ಮಲ್ಲಿ ಒಂದು ನಾಟಿ ಹಸು ಇದೆ. ಊರಲ್ಲಿ ಈಗ ಅದೊಂದೇ. ಗೌಡರುಗಳು ದನ ಮಾರಿ ಕಾರು ತಂದರು, ಮಾರಾಟವಾಗದೆ ಬಿದ್ದ ಸೈಟುಗಳ ಹುಲ್ಲು ಕೊಯ್ದು ಅಮ್ಮ ಮಾತ್ರ ಸಾಕಿಕೊಂಡಿದ್ದಾಳೆ. ಹಾಗಾಗಿ ಗೃಹಪ್ರವೇಶವಿರಲಿ, ಸೂತಕ ಕಳೆಯುವುದಿರಲಿ, ಗಂಜಲಕ್ಕೆ ಎಲ್ಲರೂ ನಮ್ಮ ಮನೆಗೇ ಬರಬೇಕು. ಅಪಾರ್ಟ್‌ಮೆಂಟಿನವರು ಬರುತ್ತಾರೆ, ಪೂಜಾರಿಗಳು ಬರುತ್ತಾರೆ. ನಮ್ಮ ಕೈಯ ನೀರು ಅವರಿಗೆ ಆಗುವುದಿಲ್ಲ, ನಮ್ಮ ಹಸುವಿನ ಉಚ್ಚೆ ಆಗುತ್ತದೆ. ಅಮ್ಮನಿಗೆ ಅದೊಂದು ಹೆಮ್ಮೆ. ಬೆಳಿಗ್ಗೆ ಎದ್ದ ಕೂಡಲೇ ಹಸುವಿನ ಹಿಂದೆ ಪಾತ್ರೆ ಹಿಡಿದು ಕೂರುತ್ತಾಳೆ.

ಎರಡನೆಯ ದಿನ ಬೆಳಿಗ್ಗೆ ಅಶ್ವತ್ಥನ ಡ್ರೈವರ್ ನಾಗೇಶ್ ಕ್ಯಾನು ಹಿಡಿದುಕೊಂಡು ಬಂದ. ಅಮ್ಮಾವ್ರು ಗಂಜಲ ತರಕ್ಕೆ ಹೇಳವ್ರೆ, ಅಂದ. ಏನು ವಿಶೇಷ ಅಂತ ಅಮ್ಮ ಕೇಳಿದಳು. ಗೊತ್ತಿಲ್ಲ ಅಂದ. ಅವನ ಮುಖ ನನ್ನ ಕಡೆ ತಿರುಗಲಿಲ್ಲ. ಅಮ್ಮ ಬಟ್ಟೆಯಲ್ಲಿ ಸೋಸಿ, ಕ್ಯಾನು ತುಂಬಿಸಿ ಕೊಟ್ಟಳು. ದುಡ್ಡು ಬೇಡ ಅಂದಳು. ಇವತ್ತು ಆ ಮನೆಯೊಳಗೆ ಮತ್ತೆ ಹೋಗುವವಳು, ದುಡ್ಡು ಹೇಗೆ ಕೇಳುತ್ತಾಳೆ.

ನಾವು ಹೋಗುವಷ್ಟರಲ್ಲಿ ಒಳಗೆ ಗಲಾಟೆ ನಡೆಯುತ್ತಿತ್ತು. ಲೈಟಿನವರು ಬೈಯುತ್ತಿದ್ದರು. ನಿನ್ನೆ ಒಣಗಿದ್ದ ನೆಲ ಇವತ್ತು ಒದ್ದೆಯಾಗಿದೆ, ಎರಡು ದಿನದ ಚಿತ್ರ ಒಂದಕ್ಕೊಂದು ಹೊಂದುವುದಿಲ್ಲ ಅಂತ. ಹೇಮಂತ ಅಂಗಳಕ್ಕೆ ಬಂದು, “ಯಾರ್ರೀ ಅದು ನೀರು ಚೆಲ್ಲಿದ್ದು?” ಅಂದ.

“ನೀರಲ್ಲ ಕಣಪ್ಪ. ಗಂಜಲ. ನಾನೇ ಆಕ್ಸಿದ್ದು,” ಅಂದಳು ಲಕ್ಷ್ಮಿದೇವಮ್ಮ. ಅವಳು ಹೂವು ಕಟ್ಟುತ್ತಾ ಕೂತಿದ್ದಳು.

“ದೆವ್ವದ ಸಿನಿಮಾ ಅಂತ ಹಾಕ್ಸಿದ್ರೇನ್ರಿ? ಒಂದು ವಾರದಿಂದ ಇಲ್ದಿದ್ದು?”

“ಒಂದು ವಾರದಿಂದ ಆ ಹುಡ್ಗಿ ಮಾಡ್ತಿದ್ಲು. ನೆನ್ನೆ ಇವ್ಳು ಒಳಕ್ಕೆ ಓಗಿದ್ಲಲ್ಲ. ದೇವ್ರ ಮನೆ ಬಾಗ್ಲು ತನಕ ಓಗವ್ಳೆ. ಅವ್ಳು ಉಳ್ಳಾಡಿದ್ ಕಡೆ ಅಷ್ಟೇ ಆಕ್ಸಿದೀನಿ. ಒಣಗ್ತೈತೆ ಬುಡು.”

ಕೋಪವಿಲ್ಲ, ಗುಟ್ಟಿಲ್ಲ. ಒಲೆ ಆರಿಸಿದೆ, ಬಾಗಿಲು ಹಾಕಿದೆ ಅನ್ನುವ ಹಾಗೆ ಅಂದಳು. ಕೈ ಹೂವು ಕಟ್ಟುವುದನ್ನು ನಿಲ್ಲಿಸಲೂ ಇಲ್ಲ.

ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಅಂಗಳದಲ್ಲಿ ಇದ್ದವರೆಲ್ಲ ಕೇಳಿಸಿಕೊಂಡರು. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಕೂತಿದ್ದ ಸ್ನೇಹಾ ಮೊಬೈಲು ನೋಡತೊಡಗಿದಳು. ಮೇಕಪ್ಪಿನವನು ತನ್ನ ಡಬ್ಬಿ ಜೋಡಿಸತೊಡಗಿದ. ಚಹಾ ಕುಡಿದು, ಚಾಪೆಯ ಮೇಲೆ ಕೂತು ಹೋಗಿದ್ದ ಹೇಮಂತನ ಮುಖವನ್ನು ನಾನು ನೋಡಿದೆ. ಅವನು ಹುಡುಗರ ಕಡೆ ತಿರುಗಿ, “ಫ್ಯಾನ್ ಹಾಕಿ ಒಣಗ್ಸ್ರಿ,” ಅಂದ.

ಅಮ್ಮ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. ಹಸುವಿನ ಹಿಂದೆ ಕೂತು ಹಿಡಿದದ್ದು ಅವಳೇ. ಸೋಸಿದ್ದು ಅವಳೇ. ದುಡ್ಡು ಬೇಡ ಅಂದದ್ದೂ ಅವಳೇ. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದದ್ದು ನಾಚಿಕೆ. ಬೀದಿಯಲ್ಲಿ ಸೀರೆ ಬಿಚ್ಚಿಹೋದ ಹೆಂಗಸಿನ ನಾಚಿಕೆ. ತಪ್ಪು ಮಾಡಿದವರು ಹೂವು ಕಟ್ಟುತ್ತಾ ಕೂತಿದ್ದರು, ತಲೆ ತಗ್ಗಿಸಿ ನಿಂತವಳು ನನ್ನ ಅಮ್ಮ. ನನಗೂ ತಲೆ ಎತ್ತಲಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

“ಬಾ ಅಮ್ಮ, ಹೋಗೋಣ,” ಅಂದೆ.

“ಇರು. ಒಪ್ಕೊಂಡಿದೀನಿ,” ಅಂದಳು. ಕಪ್ಪು ಸೀರೆ ಉಟ್ಟುಕೊಂಡು ಒಳಗೆ ಹೋದಳು.

ಬೆಳಗಿನಿಂದ ಮಧ್ಯಾಹ್ನದ ತನಕ ಹೊಡೆತದ ದೃಶ್ಯಗಳು. ಮಂತ್ರವಾದಿಯ ಪಾತ್ರ ಮಾಡುತ್ತಿದ್ದವರು ವಿಶ್ವನಾಥ ಎಂಬ ವಯಸ್ಸಾದ ನಟ. ಪ್ರತಿ ಸಲ ಹೊಡೆಯುವ ಮೊದಲು, “ತಪ್ಪು ತಿಳ್ಕೋಬೇಡಿ ತಾಯಿ,” ಅನ್ನುತ್ತಿದ್ದರು. ಆಮೇಲೆ ಹೊಡೆಯುತ್ತಿದ್ದರು. ಬೇವಿನ ಬರಲಿನಿಂದ ಬೆನ್ನಿಗೆ, ಪೊರಕೆಯಿಂದ ತಲೆಗೆ. ಪೊರಕೆಯ ಏಟು ಮೆಲ್ಲಗೆ ಬಿದ್ದರೆ ಟೀವಿಯಲ್ಲಿ ಸುಳ್ಳೆಂದು ತಿಳಿಯುತ್ತದಂತೆ, ಅದಕ್ಕೆ ಜೋರಾಗಿಯೇ ಹೊಡೆಯಬೇಕು. ಕೂದಲು ಹಿಡಿದು ಹಾಲಿನ ಈ ಕಡೆಯಿಂದ ಆ ಕಡೆಗೆ ಎಳೆದರು. ಹಿಡಿ ಕೂದಲು ಕಿತ್ತುಬಂತು. ಅಮ್ಮ ಒಂದು ಸಲವೂ ಅಯ್ಯೋ ಅನ್ನಲಿಲ್ಲ. ಕೂಗುವುದನ್ನು ಸ್ನೇಹಾ ಆಮೇಲೆ ಬೇರೆ ಕಡೆ ಕೂತು ಕೂಗುತ್ತಾಳಂತೆ, ಅಮ್ಮನ ಕೂಗು ಬೇಡವಂತೆ.

ಎಲ್ಲರೂ ಊಟಕ್ಕೆ ಬಿಟ್ಟಾಗ ಅಮ್ಮ ತಟ್ಟೆ ಮುಟ್ಟಲಿಲ್ಲ. ನೀರೂ ಕುಡಿಯಲಿಲ್ಲ. ಜಗಲಿಯ ಮೂಲೆಯಲ್ಲಿ ಕೂತಿದ್ದಳು. ಗಂಜಲದ ವಾಸನೆ ಇನ್ನೂ ಇತ್ತು. ಅದನ್ನು ಅವಳು ಆಗಾಗ ಮೂಗೆಳೆದು ನೋಡುತ್ತಿದ್ದಳು.

ಊಟವಾದ ಮೇಲೆ ಉಳಿದದ್ದು ಕೊನೆಯ ದೃಶ್ಯ. ದೆವ್ವ ಬಾಯಲ್ಲಿ ಚಪ್ಪಲಿ ಕಚ್ಚಿಕೊಂಡು ಮನೆಯಿಂದ ಹೊರಗೆ ಹೋಗಬೇಕು. ಚಪ್ಪಲಿ ತರಲು ಮರೆತಿದ್ದರು. ಅಶ್ವತ್ಥ್ ಗೇಟಿನ ಕಡೆ ಕೈ ತೋರಿಸಿ, “ಅವಳದ್ದೇ ಐತಲ್ಲ ಗುರು, ಹಳೇದು. ನಿಮ್ಗೆ ಬೇಕಾಗಿರೋ ತರಾನೇ ಐತೆ,” ಅಂದ. ಯಾರೋ ಹೋಗಿ ಅಮ್ಮನ ಚಪ್ಪಲಿ ತಂದರು. ಮಣ್ಣು ಕೊಡವಿದರು.

ಟೀವಿಯಲ್ಲಿ ಅಮ್ಮ ಹಾಲಿನ ನಡುವೆ ಮಂಡಿಯೂರಿ ಕೂತಿದ್ದಳು. ಕೂದಲು ಮುಖದ ಮೇಲೆ. ವಿಶ್ವನಾಥ ಅವರು ಚಪ್ಪಲಿಯನ್ನು ಅವಳ ಬಾಯಿಯ ಹತ್ತಿರ ಹಿಡಿದು ಗದರಿದರು: “ಹೋಗ್ತೀಯೋ ಇಲ್ವೋ ಈ ಮನೆ ಬಿಟ್ಟು?”

ಅಮ್ಮ ಬಾಯಿ ತೆರೆಯಬೇಕಿತ್ತು. ಮುಖ ತಿರುಗಿಸಿದಳು.

“ಹೋಗ್ತೀಯೋ ಇಲ್ವೋ?”

“ಓಗಲ್ಲ,” ಅಂದಳು ಅಮ್ಮ.

ದೆವ್ವಕ್ಕೆ ಆ ಮಾತು ಬರೆದಿರಲಿಲ್ಲ. ಹೇಮಂತ ಖುಷಿಯಾಗಿ, “ಕ್ಯಾಮೆರಾ ನಡೀಲಿ, ನಡೀಲಿ,” ಎಂದು ಪಿಸುಗುಟ್ಟಿದ. ಅಮ್ಮ ಮಂಡಿ ಮಡಚಿ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತಳು. ಮುಖದ ಮೇಲಿನ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಎಳೆದು, ಸುತ್ತಿ, ತುರುಬು ಕಟ್ಟಿದಳು. ಅವಳ ಮುಖ ಕಂಡಿತು. ಹೇಮಂತ ಕಟ್ ಅಂದ.

“ಏನ್ರೀ ಅವ್ವಾರ, ಮುಖ ಕಾಣಬಾರ್ದು.”

“ಬಾಯಾರ್ಕೆ ಆಗೈತೆ. ನೀರು ಕೊಡ್ರಿ.”

ಬಾಟಲಿ ತಂದರು. ಅಮ್ಮ ಮುಟ್ಟಲಿಲ್ಲ. “ನಿಮ್ದು ಬ್ಯಾಡ ಸಾಮಿ. ಈ ಮನೇದು ಕೊಡ್ಲಿ. ಅಮ್ಮಾವ್ರು ಕೊಡ್ಲಿ.”

ಲಕ್ಷ್ಮಿದೇವಮ್ಮ ಕುರ್ಚಿಯಿಂದ ಎದ್ದಳು. ಬಾಗಿಲ ಹತ್ತಿರ ಹೋಗಿ ಹೇಳಿದಳು: “ಏನೇ ಪಿಳ್ಳಿ, ಆಚೆಗೆ ಬಾ, ಕೊಡ್ತೀನಿ. ಯಾವತ್ತಾದ್ರೂ ಇಲ್ಲ ಅಂದಿದೀನಾ?”

“ಇಲ್ಲೇ ಕೊಡಿ ಅಮ್ಮಾವ್ರೆ. ಇಲ್ಲಿ ಗಂಟ ಕರ್ದಿದೀರಲ್ಲ. ಒಂದು ಚೊಂಬು ನೀರು. ಕುಡ್ದು ಓಗ್ತೀನಿ.”

ಅಶ್ವತ್ಥ್ ಬೈದ. ಹೇಮಂತ ಕೈ ಮುಗಿದ, ಬೆಳಕು ಹೋಗ್ತೈತಿ, ಅಡ್ಜಸ್ಟ್ ಮಾಡ್ಕೊಳ್ರಿ ಅಂದ. ಕಿಟಕಿಗೆಲ್ಲ ಕರಿ ಬಟ್ಟೆ ಕಟ್ಟಿದವನಿಗೆ ಯಾವ ಬೆಳಕು ಹೋಗುತ್ತಿತ್ತೋ. ಅಮ್ಮ ಅಲುಗಲಿಲ್ಲ. ಸಿನಿಮಾದವರು ಯಾರೂ ಕೈ ಹಾಕಲಿಲ್ಲ. ಅವಳನ್ನು ಎಳೆದು ಹಾಕಬೇಕೆಂದರೆ ಅಶ್ವತ್ಥನೇ ಮುಟ್ಟಬೇಕು. ಅವನು ಮುಟ್ಟಲಿಲ್ಲ.

ಹೊಸ ಮನೆಯಿಂದ ಮುನಿಶಾಮಪ್ಪನವರು ಕೋಲೂರಿಕೊಂಡು ಬಂದರು. ವಯಸ್ಸಾಗಿದೆ, ಕಣ್ಣು ಮಂಜು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಕಪ್ಪು ಸೀರೆ, ಅರಿಶಿನದ ಮಂಡಿ, ಹಾಲಿನ ನಡುವೆ ಕೂತ ಹೆಂಗಸು. ಅವರ ಮುಖದ ಬಣ್ಣ ಬದಲಾಯಿತು. “ಸಪ್ಪಲಮ್ಮ ಬಂದವ್ಳೆ,” ಅಂದರು. “ಇವ್ಳ ಅವ್ವನ ಮೈಮೇಲೂ ಬತ್ತಿದ್ಲು. ಕರ್ಪೂರ ತಾ.”

ಅದು ನಿಜ. ಸಪ್ಪಲಮ್ಮ ನಮ್ಮೂರ ದೇವತೆ. ನನ್ನ ಅಜ್ಜಿಯ ಮೈಮೇಲೆ ಅವಳು ಬಂದಾಗ ಗೌಡರ ಮನೆಯವರು ಬೀದಿಗೆ ಬಂದು ಅಜ್ಜಿಯ ಕಾಲಿಗೆ ನೀರು ಹಾಕುತ್ತಿದ್ದರಂತೆ. ಮೈ ಇಳಿದ ಮೇಲೆ ಅದೇ ಅಜ್ಜಿ ಬೊಗಸೆಯೊಡ್ಡುತ್ತಿದ್ದಳು. ದೇವಿಯ ಜಾತಿ ಯಾರೂ ಕೇಳುವುದಿಲ್ಲ, ಅವಳು ಇಳಿಯುವ ತನಕ.

ಲಕ್ಷ್ಮಿದೇವಮ್ಮನ ಗಾಬರಿಯೂ ಸುಳ್ಳಲ್ಲ. ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಒಳಗೆ ಹೋಗಿ ಅಮ್ಮನ ಎದುರು ನಿಂತಳು. ಸೆರಗು ಹೊದ್ದಳು. ದನಿಯೇ ಬೇರೆಯಾಗಿತ್ತು.

“ಯಾರು ತಾಯಿ ನೀನು? ಸಪ್ಪಲಮ್ಮನಾ? ನಮ್ಮಿಂದ ಏನು ತಪ್ಪಾಯ್ತು? ಕೇಳು, ಏನು ಬೇಕು ಕೊಡ್ತೀವಿ.”

ಮತ್ತೆ ಶುರು ಮಾಡು ಎಂದು ಹೇಮಂತ ಕಣ್ಣಲ್ಲೇ ಕ್ಯಾಮೆರಾದವನಿಗೆ ಸನ್ನೆ ಮಾಡಿದ. ಅಮ್ಮ ಹೌದು ಅಂದರೆ ಸಾಕಿತ್ತು. ಹಿತ್ತಾಳೆಯ ಚೊಂಬಿನಲ್ಲಿ ನೀರು ಬರುತ್ತಿತ್ತು, ಮಡಿಲಿಗೆ ಸೀರೆ ಬೀಳುತ್ತಿತ್ತು, ಗೌಡರು ಬಗ್ಗಿ ಕಾಲು ಮುಟ್ಟುತ್ತಿದ್ದರು. ನಾವು ಮಾನದಿಂದ ಮನೆಗೆ ಹೋಗಬಹುದಿತ್ತು. ಹೇಳಿಬಿಡು ಅಮ್ಮ, ಹೌದು ಅಂದುಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗೆ ಬೇಡಿಕೊಂಡೆನಲ್ಲ ಎಂಬುದು ಆ ಎರಡು ದಿನಗಳ ಎಲ್ಲ ನಾಚಿಕೆಗಿಂತ ದೊಡ್ಡ ನಾಚಿಕೆ.

ಅಮ್ಮ ಕರ್ಪೂರದ ಬೆಳಕಿನಲ್ಲಿ ಲಕ್ಷ್ಮಿದೇವಮ್ಮನ ಮುಖವನ್ನು ನೆಟ್ಟಗೆ ನೋಡಿದಳು.

“ಯಾರೂ ಬಂದಿಲ್ಲ ಅಮ್ಮಾವ್ರೆ. ನಾನು ಪಿಳ್ಳಮ್ಮ. ನಿಮ್ಮ ಅಂಗಳ ಗುಡ್ಸೋಳು. ಬೆಳಿಗ್ಗೆ ಗಂಜಲ ಕೊಟ್ಟೋಳು. ನೀರು ಕೊಡಿ.”

ಲಕ್ಷ್ಮಿದೇವಮ್ಮನ ಕೈಯ ತಟ್ಟೆ ಕೆಳಗಿಳಿಯಿತು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು. ಮುನಿಶಾಮಪ್ಪನವರು ಥೂ ಎಂದು ಹೊರಗೆ ಉಗಿದು ಜಗಲಿಯ ಮೇಲೆ ಕೂತರು. ನೀರು ಬರಲಿಲ್ಲ.

ನಾನು ಶಾಮಿಯಾನದಿಂದ ಹೊರಟೆ. ಚಪ್ಪಲಿ ಬಿಡಲಿಲ್ಲ. “ಏಯ್, ನೀನೆಲ್ಲಿಗೆ?” ಅಂದ ಅಶ್ವತ್ಥ್. ನಾನು ಜಗಲಿ ಹತ್ತಿ, ಬಾಗಿಲು ದಾಟಿ, ಅಮ್ಮನನ್ನು ದಾಟಿ, ಅಡುಗೆಮನೆ ಯಾವ ಕಡೆ ಎಂದು ತಿಳಿಯದೆ ಒಂದು ಗಳಿಗೆ ನಿಂತು, ಆಮೇಲೆ ಎಡಕ್ಕೆ ಹೋದೆ. ತಾಮ್ರದ ಹಂಡೆಯಲ್ಲಿ ನೀರಿತ್ತು. ಪಕ್ಕದಲ್ಲಿ ಚೊಂಬು ಇತ್ತು. ಮುಳುಗಿಸಿ ತುಂಬಿಕೊಂಡೆ. ನೆಲದ ಮೇಲೆಲ್ಲ ಚೆಲ್ಲಿಕೊಂಡು ಬಂದು ಅಮ್ಮನ ಮುಂದೆ ಹಿಡಿದೆ.

ಅಮ್ಮ ಚೊಂಬು ನೋಡಿದಳು, ನನ್ನನ್ನು ನೋಡಿದಳು. ತುಟಿ ಒಡೆದಿತ್ತು.

“ನೀನ್ಯಾಕೆ ತಂದ್ಯೇ ಮಗ,” ಅಂದಳು. “ನೀರು ಸಿಕ್ಕಲ್ಲ ಅಂತ ಕೂತಿದ್ನಾ ನಾನು? ಅವ್ರು ಕೊಡ್ಲಿ ಅಂತ ಕೂತಿದೀನಿ.”

ನನ್ನ ಕಿವಿ ಕಾದುಹೋಯಿತು. ಅಷ್ಟು ಜನರ ಮುಂದೆ ನುಗ್ಗಿ ಬಂದವಳಿಗೆ ಅವಳು ಏನು ಕೇಳುತ್ತಿದ್ದಾಳೆ ಎಂಬುದೇ ತಿಳಿದಿರಲಿಲ್ಲ. ನಾನು ತಿರುಗಿ, ಚೊಂಬನ್ನು ಲಕ್ಷ್ಮಿದೇವಮ್ಮನ ಎದುರು ಹಿಡಿದೆ.

“ಕೊಡಿ ಅಮ್ಮನಿಗೆ,” ಅಂದೆ.

ಅವಳು ಚೊಂಬನ್ನು ನೋಡಿದಳು. ಅದು ಅವಳದೇ ಚೊಂಬು, ಹಿಡಿದದ್ದು ನನ್ನ ಕೈ. ಮುಟ್ಟಬಾರದು ಎನ್ನುವ ಮಾತು ಅವಳ ಬಾಯಿಯ ತನಕ ಬಂದದ್ದು ನನಗೆ ಕಂಡಿತು. ಅಷ್ಟು ಜನ ಪೇಟೆಯವರ ಮುಂದೆ ಅದನ್ನು ಹೇಳಲು ಅವಳಿಗೆ ಮೊದಲ ಸಲ ನಾಚಿಕೆಯಾಯಿತು. ಆರತಿ ತಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಕೈ ಖಾಲಿ ಇಲ್ಲ ಕಣಮ್ಮಿ,” ಅಂದಳು.

ತಟ್ಟೆಯಲ್ಲಿ ಕರ್ಪೂರ ಆಗಲೇ ಆರಿಹೋಗಿತ್ತು. ನಾನು ಅಮ್ಮನ ಪಕ್ಕ ಕೂತೆ, ಚೊಂಬನ್ನು ನಮ್ಮ ಮುಂದೆ ಇಟ್ಟೆ.

“ಆಗ್ಲಿ ಅಮ್ಮಾವ್ರೆ,” ಅಂದಳು ಅಮ್ಮ. “ಕಾಯ್ತೀವಿ.”